ಸೊಂಟದ ನೋವು ಬೇರೆ, ಪಾದದ ಉರಿ ಬೇರೆ

ಸಕ್ಕರೆ ಕಾಯಿಲೆ ಹಳೆಯದಾದವರು ಸೊಂಟ ನೋವು ಅಂತ ಬಂದರೆ ನಾನು ಮೊದಲು ಅವರ ಪಾದ ನೋಡುತ್ತೇನೆ. "ನೋವಿರೋದು ಸೊಂಟದಲ್ಲಿ ಡಾಕ್ಟ್ರೇ, ಕಾಲು ಯಾಕೆ?" ಅಂತ ಕೇಳುವವರಿದ್ದಾರೆ. ಇಂಥವರಲ್ಲಿ ಎಷ್ಟೋ ಜನರಿಗೆ ಎರಡು ನೋವು ಒಟ್ಟಿಗೇ ಇರುತ್ತವೆ. ಒಂದು ಬೆನ್ನಿನದು. ಇನ್ನೊಂದು ಸಕ್ಕರೆಯಿಂದ ಪಾದದ ನರಗಳು ಕೆಟ್ಟು ಬರುವ ಉರಿ, ಜುಮ್ಮು, ಮರಗಟ್ಟುವಿಕೆ. ಇದನ್ನು ಡಯಾಬಿಟಿಕ್ ನ್ಯೂರೋಪತಿ ಎನ್ನುತ್ತೇವೆ. ಎರಡನ್ನೂ ಒಂದೇ ಎಂದುಕೊಂಡು ಒಂದೇ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ನರಳುವವರನ್ನು ನೋಡಿದರೆ ಸಂಕಟವಾಗುತ್ತದೆ.

ಬೇರ್ಪಡಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ಸಕ್ಕರೆಯ ನರನೋವು ಸಾಮಾನ್ಯವಾಗಿ ಎರಡೂ ಕಾಲಿನ ಬೆರಳ ತುದಿಯಲ್ಲಿ ಶುರುವಾಗುತ್ತದೆ. ದೇಹದ ಅತಿ ಉದ್ದದ ನರಗಳು ಮೊದಲು ಸೊರಗುತ್ತವೆ, ಅದಕ್ಕೇ. ಆಮೇಲೆ ನಿಧಾನವಾಗಿ ಮೇಲೇರುತ್ತದೆ. ರಾತ್ರಿ ಜಾಸ್ತಿ. ಕೆಲವರಿಗೆ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸರಿದು ನರ ಒತ್ತಿದರೆ ಹಾಗಲ್ಲ. ನೋವು ಹೆಚ್ಚಾಗಿ ಒಂದೇ ಕಾಲಿನಲ್ಲಿ, ಕುಂಡೆಯಿಂದ ಮೊಣಕಾಲಿನ ಕೆಳಗಿನವರೆಗೂ ಸೆಳೆಯುತ್ತದೆ. ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ. ವಯಸ್ಸಾದವರಲ್ಲಿ ಬೆನ್ನುಹುರಿಯ ದಾರಿ ಕಿರಿದಾಗಿದ್ದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲು ಭಾರವಾಗಿ ನೋಯುತ್ತದೆ. ಕೂತರೆ, ಮುಂದೆ ಬಾಗಿದರೆ ಆರಾಮ. ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ಅಷ್ಟಾಗಿ ಕಾಡದ ನೋವು ಇಳಿಯುವಾಗ ಕಾಡುತ್ತದೆ ಎಂದರೆ ನನ್ನ ಅನುಮಾನ ಅತ್ತ ಹೋಗುತ್ತದೆ. ಹತ್ತುವಾಗ ಮೈ ಮುಂದಕ್ಕೆ ಬಾಗಿರುತ್ತದಲ್ವಾ!

ಎಂಆರ್‌ಐ ಹಿಡಿದುಕೊಂಡು ಬಂದು "ಡಿಸ್ಕ್ ಉಬ್ಬಿದೆಯಂತೆ, ಪಾದ ಉರಿಯೋದು ಅದಕ್ಕೇ" ಎನ್ನುವವರು ಬಹಳ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. 20ರ ಹರೆಯದವರಲ್ಲೇ ಶೇಕಡಾ 37ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡಿತ್ತು, 80ರವರಲ್ಲಿ ಶೇಕಡಾ 96. ಸ್ಕ್ಯಾನ್‌ನಲ್ಲಿ ಕಂಡದ್ದೇ ನೋವಿನ ಮೂಲ ಅಂತ ಹೇಳಲಾಗದು. ಪಾದಕ್ಕೆ ಶ್ರುತಿಕವೆ (ತಟ್ಟಿದರೆ ಕಂಪಿಸುವ ಲೋಹದ ಕವೆ) ಇಟ್ಟು, ತೆಳು ನೈಲಾನ್ ಎಳೆ ತಾಗಿಸಿ, ಅದು ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ಅದನ್ನು ಕೇಳಿ ಮಾಡಿಸಿಕೊಳ್ಳಿ. ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ರಕ್ತದಲ್ಲಿ ಬಿ12 ಎಷ್ಟಿದೆ ಎಂದೂ ನೋಡಿಸಬೇಕು. ಆ ಮಾತ್ರೆ ಬಿ12 ಇಳಿಸಬಹುದು, ಬಿ12 ಕೊರತೆಯೂ ನರಗಳನ್ನು ಕೆಡಿಸುತ್ತದೆ. ಸಸ್ಯಾಹಾರಿಗಳು ಇದನ್ನು ಮರೆಯಬಾರದು.

ಮಾತ್ರೆಗಳ ವಿಷಯ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಸೊಂಟ ಹಿಡಿದುಕೊಂಡಾಗ ನಾಲ್ಕು ದಿನ ನೆರವಾಗಬಹುದು. ನರದ ಉರಿಗೆ ಅವು ಕೆಲಸಕ್ಕೆ ಬರುವುದಿಲ್ಲ. ಸಕ್ಕರೆ, ಬಿಪಿ ಇರುವವರು ಅಂಗಡಿಯಿಂದ ತಂದು ದಿನಾ ನುಂಗಿದರೆ ಕಿಡ್ನಿಗೆ ಅಪಾಯ. ನರನೋವಿಗೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಇವೆ. ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸಬೇಕು, ಗುಣ ಕಾಣಲು ಕೆಲವು ವಾರ ಬೇಕು. ಮೂರು ದಿನ ನೋಡಿ ಬಿಟ್ಟರೆ ಏನೂ ತಿಳಿಯದು. ಬಹಳ ದಿನ ತೆಗೆದುಕೊಂಡು ಥಟ್ಟನೆ ನಿಲ್ಲಿಸುವುದೂ ತಪ್ಪು. ಇವುಗಳಲ್ಲಿ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಸುಮ್ನೆ ಸೊಂಟ ನೋವಿಗೆ ಬರೆಯುವ ಮಾತ್ರೆಗಳಲ್ಲ. ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಕೊಟ್ಟು ನೋಡಿದ 2017ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಪ್ರಿಗ್ಯಾಬಲಿನ್ ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ತಲೆಸುತ್ತು ಮಾತ್ರ ಹೆಚ್ಚಾಯಿತು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಓಡಾಡುವವರಿಗೆ ತಲೆಸುತ್ತು ಸಣ್ಣ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಈ ಎರಡು ನೋವು ಒಂದನ್ನೊಂದು ಬೆಳೆಸುವ ಬಗೆ. ಪಾದ ಉರಿಯುತ್ತದೆ ಅಂತ ನಡೆಯುವುದು ನಿಲ್ಲುತ್ತದೆ. ನಡೆಯದೆ ಬೆನ್ನು ಬಿಗಿಯುತ್ತದೆ, ಸಕ್ಕರೆ ಏರುತ್ತದೆ, ನರ ಇನ್ನಷ್ಟು ಕೆಡುತ್ತದೆ. ಪಾದ ಮರಗಟ್ಟಿದವರಿಗೆ ನೆಲ ಸರಿಯಾಗಿ ತಿಳಿಯುವುದಿಲ್ಲ. ಬೀಳುವ ಭಯಕ್ಕೆ ಮೈ ಬಿಗಿಹಿಡಿದು ನಡೆಯುತ್ತಾರೆ, ಆ ಬಿಗಿ ಸೊಂಟಕ್ಕೆ ಬಂದು ಕೂರುತ್ತದೆ. ಹಾಗಾಗಿ ನಡೆಯುವುದನ್ನು ಬಿಡಬೇಡಿ. ಪಾದದಲ್ಲಿ ಹುಣ್ಣಿಲ್ಲದಿದ್ದರೆ ಮೆತ್ತನೆಯ ಶೂ ಹಾಕಿ ಸಮತಟ್ಟು ಜಾಗದಲ್ಲಿ ಹತ್ತು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ನಡೆಯಿರಿ. ಆಗ ಉರಿ ಹೆಚ್ಚಿದಂತೆ ಅನಿಸಿದರೂ ನರಕ್ಕೆ ಅದರಿಂದ ಹಾನಿಯಿಲ್ಲ. ಹಗಲೂ ರಾತ್ರಿ ಮಲಗಿರುವುದು ಸೊಂಟ ನೋವಿಗೆ ಮದ್ದಲ್ಲ.

ಅಡಿಕೆ ಸುಲಿತದ ಕಾಲದಲ್ಲಿ ಸೊಂಟ ನೋವಿನವರು ಹೆಚ್ಚಾಗಿ ಬರುತ್ತಾರೆ. ಮೆಟ್ಟುಗತ್ತಿಯ ಮುಂದೆ ಕುಗ್ಗಿ ಕೂತು ರಾತ್ರಿಯವರೆಗೂ ಸುಲಿದರೆ ಯಾವ ಬೆನ್ನು ತಡೆಯುತ್ತದೆ? ಕೂರುವ ಜಾಗ ಸ್ವಲ್ಪ ಎತ್ತರಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ಒಂದು ಸುತ್ತು ಹಾಕಿ.

ಮಲೆನಾಡಿನವರಿಗೆ ಒತ್ತಿ ಹೇಳಬೇಕಾದದ್ದು ಬಿಸಿಯ ಬಗ್ಗೆ. ಸೊಂಟಕ್ಕೆ ಬಿಸಿನೀರಿನ ಚೀಲ ಒಳ್ಳೆಯದೇ. ಮರಗಟ್ಟಿದ ಪಾದಕ್ಕೆ ಅದನ್ನು ಇಡಲೇಬೇಡಿ. ಜಡಿಮಳೆಯಲ್ಲಿ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂರುವುದು ಹಿತ, ಆದರೆ ಸುಟ್ಟು ಬೊಬ್ಬೆ ಬಂದರೂ ಗೊತ್ತಾಗುವುದಿಲ್ಲ. ಇಂಬಳ (ಜಿಗಣೆ) ಕಚ್ಚಿದ್ದು, ಮುಳ್ಳು ನೆಟ್ಟಿದ್ದು ಕೂಡ ತಿಳಿಯದು. ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ. ಸಂಜೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಕಣ್ಣು ಮಂದವಿದ್ದರೆ ಮನೆಯವರಿಂದ ನೋಡಿಸಿ.

"ಹೇಗೂ ಹಳೇ ಸಕ್ಕರೆ, ಹಳೇ ಜುಮ್ಮು" ಎಂದು ಕೆಲವನ್ನು ತಳ್ಳಿಹಾಕುವಂತಿಲ್ಲ. ಸೊಂಟ ನೋವಿನ ಜೊತೆಗೆ ತೊಡೆಸಂದಿ, ಗುದದ ಸುತ್ತ ಸ್ಪರ್ಶ ಹೋದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಕುಂದಿದರೆ ಬೆನ್ನಿನ ಬುಡದ ನರಗಳ ಗುಚ್ಛ ಒತ್ತಿಹೋಗುತ್ತಿರಬಹುದು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೇ ಇರಬಹುದು. ಬೆಳಗಿನ ಬಸ್ಸಿಗೆ ಕಾಯಬೇಡಿ. ರಾತ್ರಿಯೇ ಗಾಡಿ ಮಾಡಿಕೊಂಡು ಎಂಆರ್‌ಐ, ಆಪರೇಷನ್ ಎರಡೂ ಇರುವ ಆಸ್ಪತ್ರೆಗೆ ಹೊರಡಿ.