ಪೂರ್ತಿ ಬಾಡಿಗೆ ಕೊಟ್ಟರೂ ಮಠದ ಮಂಟಪದಲ್ಲಿ ಪ್ರಚಾರ ಸಭೆ ಬೇಡ

ಚುನಾವಣೆ ಹತ್ತಿರ ಬಂತೆಂದರೆ ಮಠ, ದೇವಸ್ಥಾನದ ಟ್ರಸ್ಟಿಗಳು ಆಡಿಟರುಗಳಾದ ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಪಾರ್ಟಿಯವರು ಕಲ್ಯಾಣ ಮಂಟಪ ಕೇಳುತ್ತಿದ್ದಾರೆ. ಪೂರ್ತಿ ಬಾಡಿಗೆ ತಗೊಂಡು ರಸೀದಿ ಹರಿದು ಕೊಟ್ಟರೆ ತೆರಿಗೆ ತೊಂದರೆ ಇಲ್ಲ ಅಲ್ವಾ?"

ತೊಂದರೆ ಇದೆ. ಆದರೆ ಅದು ಶುರುವಾಗುವುದು ತೆರಿಗೆ ಕಾಯ್ದೆಯಿಂದಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ 1954ರಿಂದ ತೆರಿಗೆ ಕಾನೂನೇ ವಿನಾಯಿತಿ ಪಡೆದ ಸಂಸ್ಥೆಗಳಿಗೆ ಅಭ್ಯರ್ಥಿಯ ಪರ, ವಿರುದ್ಧ ಪ್ರಚಾರ ಮಾಡಬೇಡಿ ಎನ್ನುತ್ತದೆ. ಪ್ರಾರ್ಥನೆಯ ವೇಳೆ ತಮ್ಮದೇ ಭಕ್ತರಿಗೆ ಹೇಳುವ ಮಾತಿಗೆ ಇದು ಅನ್ವಯಿಸದು ಎಂದು 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆ ಕೋರ್ಟಿಗೆ ಹೇಳಿತು. ಆ ಸುದ್ದಿ ಓದಿ ಇಲ್ಲೂ ಸಡಿಲವಾಯಿತು ಅಂದುಕೊಳ್ಳಬೇಡಿ.

ನಮ್ಮಲ್ಲಿ ಇರುವುದು ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕೇಂದ್ರ ಕಾಯ್ದೆ. ಸಂಸ್ಥೆಯ ಜಾಗವನ್ನಾಗಲಿ ಹಣವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಬಾಡಿಗೆ ಕೊಟ್ಟರೆ ಪರವಾಗಿಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಉಲ್ಲಂಘಿಸಿದರೆ 5 ವರ್ಷದವರೆಗೆ ಜೈಲು, ಜೊತೆಗೆ 10,000 ರೂಪಾಯಿವರೆಗೆ ದಂಡ. ದಂಡದ ಮೊತ್ತ ನೋಡಿ ನಗುವವರು ಜೈಲಿನ ಅವಧಿಯನ್ನೂ ಓದಲಿ. ಸಭೆ, ಮೆರವಣಿಗೆ, ಹಣ ಸಂಗ್ರಹ ಮಾತ್ರವಲ್ಲ, ಆದೇಶ, ಅಪ್ಪಣೆಯ ಮೂಲಕ ಪಕ್ಷದ ಉದ್ದೇಶ ಸಾರುವುದೂ ರಾಜಕೀಯ ಚಟುವಟಿಕೆಯೇ. ಆಡಳಿತ ಸ್ವಾಮೀಜಿಯ ಕೈಯಲ್ಲಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಅವರೇ ಮ್ಯಾನೇಜರ್, ಅಂದರೆ ಹೊಣೆಗಾರ. ಸ್ವಾಮೀಜಿ ತಮ್ಮ ವೋಟು ಯಾರಿಗೆ ಬೇಕಾದರೂ ಹಾಕಲಿ. ಭಕ್ತರಿಗೆ ಪೀಠದಿಂದ "ಇಂಥವರಿಗೇ ಹಾಕಿ" ಎಂದು ಅಪ್ಪಣೆ ಕೊಡಿಸಬೇಡಿ ಎಂದಷ್ಟೇ ನನ್ನ ಸಲಹೆ. ಅದು ಅಭ್ಯರ್ಥಿಗೂ ಒಳ್ಳೆಯದಲ್ಲ. ಅಭ್ಯರ್ಥಿಯ ಒಪ್ಪಿಗೆಯಿಂದ ಮತದಾರನ ಧರ್ಮ, ಜಾತಿ ಮುಂದಿಟ್ಟು ಮತ ಕೇಳಿದರೂ ಅದು ಭ್ರಷ್ಟ ಆಚರಣೆ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ 4-3 ಬಹುಮತದಿಂದ ಹೇಳಿದೆ. ಗೆದ್ದ ಸೀಟೇ ಹೋಗಬಹುದು.

ಈಗ ತೆರಿಗೆಗೆ ಬರೋಣ. ಪಕ್ಷಕ್ಕೆ ಕೊಟ್ಟ ದೇಣಿಗೆಯನ್ನು, ಪ್ರಚಾರದ ಶಾಮಿಯಾನ, ಊಟ, ಫ್ಲೆಕ್ಸ್ ಬಿಲ್ಲನ್ನು "ಜಾತ್ರೆ ಖರ್ಚು" ಎಂದು ಬರೆದರೂ ಅದು ಧಾರ್ಮಿಕ ಖರ್ಚಾಗುವುದಿಲ್ಲ. ಆ ಹಣಕ್ಕೆ ವಿನಾಯಿತಿ ಸಿಗದು. ಅಷ್ಟಕ್ಕೇ ಮುಗಿದರೆ ಪುಣ್ಯ. ಟ್ರಸ್ಟಿನ ಉದ್ದೇಶ ಬಿಟ್ಟು ಬೇರೆಯದಕ್ಕೆ ಆದಾಯ ಬಳಸಿದರೆ ತೆರಿಗೆ ವಿನಾಯಿತಿಗೆ ಆಧಾರವಾದ 12ಎಬಿ ನೋಂದಣಿಯೇ ರದ್ದಾಗಬಹುದು. ರದ್ದಾದರೆ 115ಟಿಡಿ ಸೆಕ್ಷನ್ ಬರುತ್ತದೆ (ಎರಡೂ 1961ರ ಆದಾಯ ತೆರಿಗೆ ಕಾಯ್ದೆಯ ನಂಬರ್, 2025ರ ಹೊಸ ಕಾಯ್ದೆಯಲ್ಲಿ ಬೇರೆ). ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು, ಉಳಿದದ್ದಕ್ಕೆ ಗರಿಷ್ಠ ದರದಲ್ಲಿ ತೆರಿಗೆ. ಯಾವ ಕಾಲದಲ್ಲೋ ಭಕ್ತರು ಬರೆದುಕೊಟ್ಟ ಜಾಗ ಈಗ ಊರ ನಡುವೆ ಇದ್ದರೆ, ತೆರಿಗೆ ಕಟ್ಟಲು ಆ ಜಾಗವನ್ನೇ ಮಾರಬೇಕಾಗಬಹುದು.

ಹಾಗಾಗಿ ಮಂಟಪದ ಬುಕಿಂಗ್ ಫಾರಂನಲ್ಲೇ "ರಾಜಕೀಯ ಸಭೆಗೆ ಕೊಡುವುದಿಲ್ಲ" ಎಂದು ಅಚ್ಚು ಹಾಕಿಸಿ. ಕಾರ್ಯಕರ್ತರು ಬಂದಾಗ ಸುಮ್ನೆ ಅದನ್ನು ತೋರಿಸಿದರೆ ಸಾಕು, ಮನಸ್ತಾಪವೂ ಕಡಿಮೆ. ನಾಮಕರಣದ ಹೆಸರಲ್ಲಿ ಬುಕ್ ಮಾಡಿ ಪ್ರಚಾರಕ್ಕೆ ಮೈಕ್ ಹಿಡಿದರೆ ಪೊಲೀಸರಿಗೆ ತಿಳಿಸಿ. ಹಾಗೆ ತಿಳಿಸುವುದು 1988ರ ಕಾಯ್ದೆ ಹಾಕಿದ ಕರ್ತವ್ಯ, ಅದೂ ಟ್ರಸ್ಟಿಗಳಿಗೆ ಮಾತ್ರವಲ್ಲ, ಕೌಂಟರ್‌ನಲ್ಲಿ ರಸೀದಿ ಬರೆಯುವ ನೌಕರನಿಗೂ.