ಕಂಪನಿ ತೆರಿಗೆಯಿಂದ ಶಾಲೆಗೆ ಹೊಸ ದೀಪ: ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 39

ಮಗಳ ಕ್ಲಾಸ್ ನಡೆಯುತ್ತಿದ್ದದ್ದು ಮೈದಾನದ ಮೂಲೆಯ ಪೋರ್ಟಬಲ್‌ನಲ್ಲಿ. ಅಂದರೆ ಲಾರಿಯಲ್ಲಿ ತಂದು ಇಳಿಸಿದ ರೆಡಿಮೇಡ್ ಕೋಣೆ. ಟ್ಯೂಬ್‌ಲೈಟಿನ ಚೋಕ್ ಇಡೀ ದಿನ ಗುಂಯ್ ಅನ್ನುತ್ತಿತ್ತು, ಗೋಡೆಯ ಎಸಿ ಶುರುವಾದರೆ ಟೀಚರ್ ದನಿ ಏರಿಸಬೇಕಿತ್ತು, ಹಿಂದಿನ ಬೆಂಚಿನವರಿಗೆ ಅದೂ ಕೇಳುತ್ತಿರಲಿಲ್ಲ. ಒಂದು ಬೇಸಿಗೆ ರಜೆ ಮುಗಿಸಿ ಹೋದರೆ ಎಲ್‌ಇಡಿ ಬಂದಿತ್ತು. ಗುಂಯ್ ಸದ್ದು ಹೋಗಿತ್ತು. ಇದಕ್ಕೆ ದುಡ್ಡು ಕೊಟ್ಟವರು ಯಾರು?

ಕಥೆ 1973ರ ತೈಲ ಬಿಕ್ಕಟ್ಟಿನಿಂದ ಶುರು. ಇಂಧನದ ಬೆಲೆ ಏರಿತು, ಶಾಲೆಗಳ ಬಿಲ್ಲೂ ಏರಿತು. 1978ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಸರ್ಕಾರ ಶಾಲೆ, ಆಸ್ಪತ್ರೆಗಳಿಗೆ ಇಂಧನ ಉಳಿಸಲು ಅನುದಾನ ಕೊಡುವ ಕಾನೂನು ತಂದಿತು. ಅರ್ಧ ಸರ್ಕಾರದ್ದು, ಉಳಿದರ್ಧ ಶಾಲೆಯದ್ದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 (ಪ್ರೊಪೊಸಿಷನ್ ಅಂದರೆ ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವ) ಪಾಸ್ ಮಾಡಿ ಆಸ್ತಿ ತೆರಿಗೆಗೆ ಮಿತಿ ಹಾಕಿದರು. ಶಾಲೆಗಳ ಸ್ಥಳೀಯ ಆದಾಯ ಕುಸಿಯಿತು. ಕೈಯಲ್ಲಿ ಕಾಸಿಲ್ಲದವರಿಗೆ ಅರ್ಧ ನೀವು ಹಾಕಿ ಅಂದರೆ ಅದು ಸಹಾಯ ಹೇಗಾಗುತ್ತೆ?

ಬದಲಾವಣೆ ಬಂದದ್ದು 2012ರ ನವೆಂಬರ್‌ನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 2009ರ ಬಜೆಟ್ ಒಪ್ಪಂದದಲ್ಲಿ, ಹಲವು ರಾಜ್ಯಗಳಲ್ಲಿ ವ್ಯವಹಾರ ಮಾಡುವ ಕಂಪನಿಗಳು ತೆರಿಗೆ ಲೆಕ್ಕಕ್ಕೆ ಎರಡು ದಾರಿಗಳಲ್ಲಿ ತಮಗೆ ಕಡಿಮೆ ಬೀಳುವುದನ್ನು ಆರಿಸಿಕೊಳ್ಳಬಹುದು ಅಂತ ಬಿಟ್ಟುಕೊಟ್ಟಿದ್ದರು. ಪ್ರೊಪೊಸಿಷನ್ 39 ಆ ಆಯ್ಕೆಯನ್ನೇ ತೆಗೆದುಹಾಕಿತು. ಶ್ರೀಮಂತ ಹೂಡಿಕೆದಾರ ಟಾಮ್ ಸ್ಟೇಯರ್ ಇದರ ಪ್ರಚಾರಕ್ಕೆ ಸ್ವಂತ ಜೇಬಿನಿಂದ ಸುಮಾರು 3 ಕೋಟಿ ಡಾಲರ್ ಸುರಿದರು. ನೂರಕ್ಕೆ 60ಕ್ಕೂ ಜಾಸ್ತಿ ಮತ ಬಿತ್ತು. ಹೊಸ ಆದಾಯದ ಅರ್ಧ, ವರ್ಷಕ್ಕೆ 55 ಕೋಟಿ ಡಾಲರ್ ಮೀರದಂತೆ, ಐದು ವರ್ಷ ಇಂಧನ ಉಳಿಸುವ ಕೆಲಸಗಳಿಗೆ ಮೀಸಲಾಯಿತು. ಬಹುಪಾಲು ಹೋದದ್ದು ಶಾಲೆಗಳಿಗೆ.

ಹಂಚಿಕೆ ನನಗೆ ಇಷ್ಟವಾಯಿತು. ನೂರಕ್ಕೆ 85 ಪಾಲು ಮಕ್ಕಳ ಹಾಜರಿ ನೋಡಿ, 15 ಪಾಲು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆ ನೋಡಿ. ನೂರು ಮಕ್ಕಳಿಲ್ಲದ ಪುಟ್ಟ ಹಳ್ಳಿ ಶಾಲೆಗೂ ಕನಿಷ್ಠ 15,000 ಡಾಲರ್. ಎಲ್ಲಕ್ಕಿಂತ ಮುಖ್ಯ, ನಿಮ್ಮ ಪಾಲು ಎಷ್ಟು ಅಂತ ಯಾರೂ ಕೇಳಲಿಲ್ಲ.

2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಒಂದು ತನಿಖಾ ವರದಿ ಮಾಡಿತು. ಪ್ರೊಪೊಸಿಷನ್ 39ರ ಬೆಂಬಲಿಗರು ವರ್ಷಕ್ಕೆ 11 ಸಾವಿರ ಉದ್ಯೋಗ ಅಂದಿದ್ದರು, ಮೂರು ವರ್ಷದಲ್ಲಿ ಆಗಿದ್ದು 1,700. ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಲಹೆಗಾರರಿಗೆ, ಆಡಿಟ್ ಮಾಡುವವರಿಗೆ ಹೋಗಿತ್ತು. ಟೀಕೆ ಸರಿಯೇ. ಆದರೆ ಮೊದಲ ವರ್ಷಗಳು ಅಳತೆಗೆ, ಪ್ಲಾನಿಗೆ ಹೋಗುವುದು ಸಹಜ ಅಲ್ವಾ?

ನನ್ನ ತಕರಾರು ಬೇರೆ. ಹಾಕಿದ ಪ್ರತಿ ಡಾಲರ್‌ಗೆ ಕನಿಷ್ಠ 1.05 ಡಾಲರ್ ಉಳಿತಾಯ ತೋರಿಸಬೇಕು ಅನ್ನುವುದು ಶುರುವಿನಲ್ಲಿದ್ದ ನಿಯಮ. ಹಳೇ ಎಸಿ ಇದ್ದವರು ಹೊಸದು ಹಾಕಿ ಉಳಿತಾಯ ತೋರಿಸಬಹುದಿತ್ತು. ಎಸಿಯೇ ಇಲ್ಲದ ಶಾಲೆ ಏನು ತೋರಿಸಬೇಕಿತ್ತು? ಸುಮ್ನೆ ಬೆವರುತ್ತಿದ್ದ ಕೋಣೆಗೆ ಬಿಲ್ಲೂ ಇಲ್ಲ, ಉಳಿತಾಯವೂ ಇಲ್ಲ. 2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ನಮ್ಮ ಲೆಕ್ಕದಲ್ಲಿ 41 ಸೆಲ್ಸಿಯಸ್. ಕರಾವಳಿ ತಂಪು ಅಂತ ನಂಬಿ ಕಟ್ಟಿದ ಶಾಲೆಗಳಿವು.

ಕೋವಿಡ್ ಬಂದ ಮೇಲೆ ಮಾತು ಬಿಲ್ಲಿನಿಂದ ಗಾಳಿಗೆ ತಿರುಗಿತು. 2020ರ ಎಬಿ 841 ಅನ್ನುವ ರಾಜ್ಯ ಕಾನೂನು ವಿದ್ಯುತ್ ಕಂಪನಿಗಳ ಇಂಧನ ಉಳಿತಾಯ ನಿಧಿಯಿಂದ ಶಾಲೆಗಳ ಗಾಳಿ ವ್ಯವಸ್ಥೆ ತಪಾಸಣೆಗೆ ದುಡ್ಡು ಕೊಟ್ಟಿತು. 2024ರ ನವೆಂಬರ್‌ನಲ್ಲಿ ಮತದಾರರು ಶಾಲೆ ಮತ್ತು ಸಮುದಾಯ ಕಾಲೇಜು ಕಟ್ಟಡಗಳಿಗೆ 1,000 ಕೋಟಿ ಡಾಲರ್ ಸಾಲಪತ್ರ ಒಪ್ಪಿದರು. ಅದರಲ್ಲಿ ಹಳೇ ಶಾಲಾ ಕಟ್ಟಡದ ದುರಸ್ತಿಗೆ ರಾಜ್ಯದ್ದು ನೂರಕ್ಕೆ 60 ಪಾಲು, ಬಡ ಶಾಲಾ ಡಿಸ್ಟ್ರಿಕ್ಟ್ (ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಆದರೆ 65ರವರೆಗೆ. ಉಳಿದದ್ದನ್ನು ಶಾಲೆಯೇ ಹೊಂದಿಸಬೇಕು, 1978ರಲ್ಲಿ ಕೇಳಿದ ಹಾಗೆಯೇ.