ಮೂರನೇ ರಾತ್ರಿಯ ಇರುವೆಗಳು

ನಮ್ಮ ಜಮಖಂಡಿ ಕಡೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಮುಟ್ಟಿ ಆಣೆ ಮಾಡಿದರೆ ಮುಗಿಯಿತು, ಮಾತು ತಪ್ಪುವ ಹಾಗಿಲ್ಲ. ನಮ್ಮ ಓಣಿಯ ಕಾಕಾ ಒಬ್ಬರು ಇಪ್ಪತ್ತು ವರ್ಷದ ಕುಡಿತವನ್ನು ಬೀರದೇವರ ಗುಡಿಯಲ್ಲಿ ಹಾಗೇ ಬಿಟ್ಟರು. ಸೋಮವಾರ ಆಣೆ. ಮಂಗಳವಾರ ಕೈ ನಡುಗಿ ಚಹಾ ಬಸಿಗೆ ಚೆಲ್ಲಿತು. ಗುರುವಾರ ರಾತ್ರಿ ಕೌದಿಯ ಮೇಲಿಂದ ಒಂದೊಂದಾಗಿ ಇರುವೆ ಹೆಕ್ಕಿ ಕೆಳಗೆ ಹಾಕತೊಡಗಿದರು. ಅಲ್ಲಿ ಒಂದು ಇರುವೆಯೂ ಇರಲಿಲ್ಲ.

‘ಕದ್ದು ಕುಡದಾನ, ಅದಕ್ಕ ದೇವರು ಕಾಡಾಕತ್ತೈತಿ’ ಎಂದರು ನೆರೆದವರು. ನಿಜ ಪೂರ್ತಿ ತಿರುಗಾಮುರುಗಾ. ಕಾಕಾ ಆಣೆಯನ್ನು ಅಕ್ಷರಶಃ ಪಾಲಿಸಿದ್ದರು. ಅದಕ್ಕೇ ಹೀಗಾಯಿತು.

ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕ್ ಇದ್ದಂತೆ, ಗ್ಲುಟಮೇಟ್ ಎತ್ತು ಇದ್ದಂತೆ. ಮದ್ಯ ಬ್ರೇಕನ್ನು ಒತ್ತುತ್ತದೆ, ಎತ್ತನ್ನೂ ಹಿಡಿದು ನಿಲ್ಲಿಸುತ್ತದೆ. ದಿನಾ ಹೀಗಾದರೆ ಮೆದುಳು ಸುಮ್ನೆ ಕೂರುವುದಿಲ್ಲ. ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ, ಗಾಡಿಗೆ ಇನ್ನೆರಡು ಜೋಡಿ ಎತ್ತು ಕಟ್ಟುತ್ತದೆ. ಈಗ ಮದ್ಯವನ್ನು ತಟ್ಟನೆ ತೆಗೆಯಿರಿ. ಕಬ್ಬು ತುಂಬಿದ ಗಾಡಿ, ಮುಂದೆ ಇಳಿಜಾರು, ಆರು ಎತ್ತು, ಬ್ರೇಕ್ ಇಲ್ಲ! ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ವಾ, ಅದೇ ಲೆಕ್ಕ. ಅಥವಾ ತುಂಬಿದ ಆಲಮಟ್ಟಿಯ ಗೇಟುಗಳನ್ನೆಲ್ಲ ಒಂದೇ ಸಲ ಎತ್ತಿದ ಹಾಗೆ. ಮೊದಲು ನಡುಕ, ಬೆವರು. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ತಾವೆಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಥಾಮಸ್ ಸಟನ್ ಎಂಬ ಇಂಗ್ಲೆಂಡಿನ ವೈದ್ಯ 1813ರಲ್ಲೇ ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎಂದು ಹೆಸರಿಟ್ಟ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಇನ್ನೂರು ವರ್ಷ ದಾಟಿದರೂ ನಾವು ಇದನ್ನು ದೇವರ ಕಾಟ ಅನ್ನುತ್ತಿದ್ದೇವೆ, ನನಗೆ ಸಂಕಟವಾಗುವುದು ಇದಕ್ಕೇ.

‘ಮನಸ್ಸು ಗಟ್ಟಿ ಇಲ್ಲ’ ಅನ್ನುವ ಮಾತು ಇನ್ನೊಂದು. ಬ್ರಿಟನ್ನಿನ ಚಾರ್ಲ್ಸ್ ಕೆನಡಿಯನ್ನು ನೋಡಿ. 1983ರಲ್ಲಿ, 23ನೇ ವಯಸ್ಸಿಗೇ ಸಂಸದ. 1999ರಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ. 2003ರಲ್ಲಿ ಎರಡೂ ದೊಡ್ಡ ಪಕ್ಷಗಳ ನಾಯಕರು ಇರಾಕ್ ಯುದ್ಧದ ಪರ ನಿಂತಾಗ ಈತ ಎದುರು ನಿಂತ. 2005ರ ಚುನಾವಣೆಯಲ್ಲಿ ಪಕ್ಷಕ್ಕೆ 62 ಸ್ಥಾನ ತಂದ. ಇಂಥವನ ಮನಸ್ಸು ಗಟ್ಟಿ ಇರಲಿಲ್ಲವೇ? 2006ರ ಜನವರಿಯಲ್ಲಿ ತನಗೆ ಕುಡಿತದ ಸಮಸ್ಯೆ ಇದೆ, ಚಿಕಿತ್ಸೆ ಪಡೆಯುತ್ತಿದ್ದೇನೆ, ಎರಡು ತಿಂಗಳಿಂದ ಮುಟ್ಟಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ಎರಡೇ ದಿನಕ್ಕೆ ನಾಯಕತ್ವ ಹೋಯಿತು. 2015ರ ಮೇನಲ್ಲಿ ಸಂಸದ ಸ್ಥಾನವೂ ಹೋಯಿತು. ಜೂನ್ 1ರಂದು, 55ರ ವಯಸ್ಸಿಗೆ, ರಕ್ತಸ್ರಾವದಿಂದ ತೀರಿಕೊಂಡ. ಅದಕ್ಕೆ ಕಾರಣವಾಗಿದ್ದು ಅದೇ ಕುಡಿತ. ಒಮ್ಮೆ ಬಿಟ್ಟ ಮಾತ್ರಕ್ಕೆ ಮೆದುಳು ಹಳೆಯ ದಾರಿ ಮರೆಯುವುದಿಲ್ಲ. ಮಧುಮೇಹದಂತೆ ಇದನ್ನೂ ವರ್ಷಗಟ್ಟಲೆ ನೋಡಿಕೊಳ್ಳಬೇಕು.

ಆಣೆ ಬೇಡ ಅನ್ನುತ್ತಿಲ್ಲ. ದಿನಾ ಜಾಸ್ತಿ ಕುಡಿಯುವವರು ಆಣೆಗೆ ಮುಂಚೆ ಡಾಕ್ಟರನ್ನು ಕಾಣಲಿ. ಲೊರಾಜೆಪಾಮ್‌ನಂಥ ಮಾತ್ರೆ ಅದೇ ಗಾಬಾ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ದಿನದಿನಕ್ಕೂ ಡೋಸ್ ಇಳಿಸುತ್ತಾರೆ, ಗೇಟನ್ನು ಒಂದೊಂದೇ ಎತ್ತಿದ ಹಾಗೆ. ಕುಡಿತದಲ್ಲಿ ಬರಿದಾದ ಬಿ1 ವಿಟಮಿನ್ ಕೂಡ ಕೊಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಆ ರಾತ್ರಿ ಕಾಕಾನನ್ನು ಜೀಪಿನಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಇರುವೆಯ ಬಗ್ಗೆ ಏನೂ ಕೇಳಲಿಲ್ಲ. ‘ಕಡೀ ಸಲ ಕುಡದದ್ದು ಯಾವಾಗ?’ ಎಂದರು. ಕಾಕು ಬೆರಳು ಮಡಚುತ್ತಾ ಸೋಮವಾರದಿಂದ ಎಣಿಸತೊಡಗಿದರು.